ಬೆನ್ನಿಗೆ ಸರಿದ ಕರಡಿಗೆ

ಶಂಕ್ರೆಪ್ಪನ ಕೆಲಸ ಗಂಜಿ ಕಾಯಿಸುವುದು. ಜ್ವರದವರಿಗೆ ಕುಡಿಸುವ ಗಂಜಿಯಲ್ಲ ಮತ್ತೆ, ನೂಲಿಗೆ ಕುಡಿಸುವ ಗಂಜಿ. ಮುಂಬಯಿಯ ಪರಳದ ಒಂದು ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಇದೇ ಉದ್ಯೋಗ. ಮಗ್ಗಕ್ಕೆ ಏರುವ ಮುಂಚೆ ಹಾಸಿನ ನೂಲೆಲ್ಲ ಬಿಸಿ ಗಂಜಿಯಲ್ಲಿ ಮಿಂದು ಒಣಗಬೇಕು. ಗಂಜಿ ಸರಿಯಾಗಿ ಬೆಂದಿಲ್ಲವೋ, ಮಗ್ಗದ ಹೊಡೆತಕ್ಕೆ ನೂಲು ಪಟಪಟ ಹರಿಯುತ್ತದೆ. ಜಾಸ್ತಿ ಗಟ್ಟಿಯಾಯಿತೋ, ಒಣ ಕಡ್ಡಿಯ ಹಾಗೆ ಮುರಿಯುತ್ತದೆ. ನೂಲು ಹರಿದಾಗ ನೇಕಾರರು ಮಗ್ಗವನ್ನು ಬೈಯುತ್ತಿದ್ದರು, ಮೇಲ್ವಿಚಾರಣೆಯ ಮುಕಾದಮನನ್ನು ಬೈಯುತ್ತಿದ್ದರು, ಹತ್ತಿ ಬೆಳೆದ ರೈತನನ್ನೂ ಬಿಡುತ್ತಿರಲಿಲ್ಲ. ಉಗಿ ತುಂಬಿದ ಮೂಲೆಯ ವಿಭಾಗದಲ್ಲಿ, ಗಿರಣಿಯ ಮಾತಿನಲ್ಲಿ ಗಂಜಿ ಖಾತೆಯಲ್ಲಿ, ಕೋಲು ಹಿಡಿದು ನಿಂತ ಶಂಕ್ರೆಪ್ಪನನ್ನು ಮಾತ್ರ ಯಾರೂ ಬೈಯಲಿಲ್ಲ, ಹೊಗಳಲೂ ಇಲ್ಲ. ಅಂಥವನೊಬ್ಬ ಇದ್ದಾನೆಂದು ಅವರಿಗೆ ನೆನಪಿದ್ದರೆ ತಾನೆ!

ವಿಜಾಪುರದ ಕಡೆಯವನು. ಆಗಿನ್ನೂ ಆ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ಲಾಲಬಾಗದ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ ಅವನದೊಂದು ಖೋಲಿ, ಖೋಲಿಯಲ್ಲಿ ಹೆಂಡತಿ ರಾಚವ್ವ. ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಾಗಿತ್ತು. ರಾಚವ್ವನ ನೇಮನಿಷ್ಠೆ ಇಡೀ ಚಾಳಿಗೆ ಗೊತ್ತಿದ್ದ ಸಂಗತಿ. ಹೋಟೆಲ್ಲಿನ ಚಹಾ ಮುಟ್ಟಳು. ನಳದ ಸಾಲಿನಲ್ಲಿ ಪಕ್ಕದವಳು ಮೀನಿನ ಬುಟ್ಟಿ ತಂದಿಟ್ಟರೆ ಜಗಳ ಆಡಳು, ತನ್ನ ಸರತಿ ಬಿಟ್ಟುಕೊಟ್ಟು ಎಲ್ಲರಿಗಿಂತ ಕೊನೆಗೆ ನೀರು ಹಿಡಿಯುವಳು. ಲಿಂಗಕ್ಕೆ ಪತ್ರಿ ಏರಿಸದೆ ತಾನೂ ಉಣ್ಣಳು, ಗಂಡನಿಗೂ ಉಣಬಡಿಸಳು. ಲಿಂಗವಂತರ ಮನೆಯ ಪದ್ಧತಿ ಅದು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಅದು ಹಗಲೂ ರಾತ್ರಿ ಎದೆಯ ಮೇಲೇ ಇರಬೇಕು, ಬಾಯಿಗೆ ಹೋಗುವುದೆಲ್ಲ ಮೊದಲು ಅದಕ್ಕೆ ಸಲ್ಲಬೇಕು.

ಇಷ್ಟು ಹೇಳಿದ ಮೇಲೆ ಶಂಕ್ರೆಪ್ಪನ ಗುಟ್ಟನ್ನೂ ಹೇಳಿಬಿಡಬೇಕು. ಗಂಜಿಯೆಂದರೆ ಬರೀ ಹಿಟ್ಟಲ್ಲ. ಗೋವಿನಜೋಳದ ಹಿಟ್ಟು, ಹುಣಸೆಬೀಜದ ಪುಡಿ, ಕೊನೆಗೆ ನೂಲು ಮೆತ್ತಗಾಗಲೆಂದು ಕರಗಿಸಿ ಸುರಿಯುವ ಚರ್ಬಿ. ಹೌದು, ಕುರಿಯ ಚರ್ಬಿ. ಪೀಪಾಯಿಗಳಲ್ಲಿ ಬರುತ್ತಿತ್ತು. ರಾಚವ್ವನಿಗೆ ಅವನು ಎಣ್ಣೆ ಎಂದಷ್ಟೇ ಹೇಳಿದ್ದ. ಚರ್ಬಿ ಗಂಜಿಯೊಳಗೆ ಪೂರಾ ಕೂಡಿತೋ ಇಲ್ಲವೋ ಎಂದು ಮೊದಮೊದಲು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ. ಕುದಿಯುವ ಗಂಜಿಗೆ ಎಂಟು ವರ್ಷ ಬೆರಳೊಡ್ಡಿದರೆ ಏನಾದೀತು? ತುದಿಗಳೆಲ್ಲ ಸುಟ್ಟು ಜಡ್ಡುಗಟ್ಟಿದವು, ಸೂಜಿ ಚುಚ್ಚಿದರೂ ತಿಳಿಯದು. ಬೆರಳು ಸತ್ತ ಸುದ್ದಿ ಗೊತ್ತಾದರೆ ಹಮಾಲಿಗೆ ಹಚ್ಚುತ್ತಾರೆ. ಹಾಗಾಗಿ ಒಂದು ದಿನ ಯಾರೂ ಇಲ್ಲದ್ದು ನೋಡಿ, ಕೋಲಿನ ತುದಿಯ ಗಂಜಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡ. ಚರ್ಬಿ ಬೇರೆಯಾಗಿದ್ದರೆ ಅಂಗುಳಕ್ಕೆ ಮೇಣದ ಹಾಗೆ ಹತ್ತಬೇಕು, ಕೂಡಿದ್ದರೆ ಹತ್ತಬಾರದು. ಹತ್ತಿತು. ಇನ್ನೂ ಹತ್ತು ನಿಮಿಷ ಕುದಿಸಿದ, ಮತ್ತೆ ನೋಡಿದ, ಹತ್ತಲಿಲ್ಲ. ಆ ದಿನ ಮಗ್ಗದ ಖಾತೆಯಲ್ಲಿ ಒಂದು ಎಳೆಯೂ ಹರಿಯಲಿಲ್ಲವಂತೆ. ಶಂಕ್ರೆಪ್ಪ ಉಗುಳಿ, ಬಾಯಿ ಮುಕ್ಕಳಿಸಿ, ಹಿಟ್ಟಿನ ಚೀಲಗಳ ಹಿಂದೆ ಹೋಗಿ ಕೂತು ಅತ್ತ.

ಮರುದಿನದಿಂದ ಒಂದು ರೂಢಿ ಮಾಡಿಕೊಂಡ. ನಾಲಿಗೆಗೆ ಮುಟ್ಟಿಸುವ ಮುಂಚೆ ಕೊರಳ ಕರಡಿಗೆಯನ್ನು ಎದೆಯಿಂದ ಬೆನ್ನಿಗೆ ಸರಿಸುವುದು. ‘ನೀ ಇದನ್ನ ನೋಡಬ್ಯಾಡಪಾ ತಂದಿ’ ಎಂದು ಒಳಗೊಳಗೇ ಅಂದುಕೊಳ್ಳುವುದು. ಉಗುಳಿ, ಬಾಯಿ ತೊಳೆದು, ಮತ್ತೆ ಎದೆಗೆ ತಂದುಕೊಳ್ಳುವುದು. ದಿನಕ್ಕೆ ಆರು ಹಂಡೆ ಗಂಜಿ, ಆರು ಸಲ ಹೀಗೆ. ಹದಿನಾಲ್ಕು ವರ್ಷ ನಡೆಯಿತು. ದೇವರು ಇದಕ್ಕೆ ಒಪ್ಪಿದ್ದಾನೆಂದು ಅವನು ಹೇಗೋ ಸಮಾಧಾನ ಮಾಡಿಕೊಂಡಿದ್ದ. ರಾಚವ್ವ ಒಪ್ಪುವ ಮಾತೇ ಇರಲಿಲ್ಲ. ಅವಳಿಗೆ ತಿಳಿದ ದಿನ ತನ್ನ ಸಂಸಾರ ಮುಗಿಯಿತು ಎಂಬ ಭಯ ಎದೆಯಲ್ಲಿ ಬೇರು ಬಿಟ್ಟಿತ್ತು. ಬೇರೆ ಯಾವುದಕ್ಕೂ ಹೆದರದ ಮನುಷ್ಯ ಇದೊಂದಕ್ಕೆ ಹೆದರಿಯೇ ಬದುಕಿದ.

ಐವತ್ತೈದನೇ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಮಾತು. ಒಂದು ಬೆಳಿಗ್ಗೆ ಗಂಜಿ ಖಾತೆಯ ಬಾಗಿಲಲ್ಲಿ ಬಿಳಿ ಶರ್ಟು, ಕನ್ನಡಕದ ಯುವಕನೊಬ್ಬ ಬಂದು ನಿಂತ. ಬಗಲಲ್ಲಿ ದಪ್ಪನೆಯ ರಿಜಿಸ್ಟರು.

“ನೀವೇನಾ ಶಂಕ್ರೆಪ್ಪನವರು?”

ಶಂಕ್ರೆಪ್ಪ ಗಾಬರಿಯಾದ. ಗಿರಣಿಯಲ್ಲಿ ಕನ್ನಡ ಕೇಳಿದ್ದಕ್ಕಲ್ಲ, ತನ್ನ ಹೆಸರಿಗೆ ‘ಅವರು’ ಅಂಟಿದ್ದಕ್ಕೆ.

“ಹೌದ್ರಿ ಸಾಹೇಬ್ರ.”

“ನಾನು ಸತ್ಯಮೂರ್ತಿ. ಮೈಸೂರಿನವನು. ಹೊಸದಾಗಿ ವರ್ಕ್ ಸ್ಟಡಿ ಅಂತ, ಕೆಲಸ ಹೇಗೆ ನಡೆಯುತ್ತೆ ಅಂತ ಅಳೆಯೋ ಒಂದು ಆಫೀಸು ಶುರು ಮಾಡಿದ್ದಾರಲ್ಲ, ಅಲ್ಲಿದ್ದೀನಿ. ಹೋದ ಮಳೆಗಾಲದಲ್ಲಿ ನೀವು ಮೂರು ವಾರ ಕೆಲಸಕ್ಕೆ ಬಂದಿಲ್ಲ, ಅಲ್ವಾ?”

“ಮುದ್ದತ್ತಿನ ಜ್ವರ ಬಂದಿತ್ರೀ. ಡಾಕ್ಟರ ಚೀಟಿ ಕೊಟ್ಟೀನ್ರಿ. ಪಗಾರಾನೂ ಕಡದಾರ.”

“ಅಯ್ಯೋ, ಅದಕ್ಕಲ್ಲಾರೀ ಬಂದಿದ್ದು!” ಸತ್ಯಮೂರ್ತಿ ನಕ್ಕು ರಿಜಿಸ್ಟರು ಬಿಚ್ಚಿದ. “ಇಲ್ಲಿ ನೋಡಿ. ಎಂಟುನೂರು ಮಗ್ಗದಲ್ಲಿ ದಿನಾ ಎಷ್ಟು ಸಲ ನೂಲು ಹರೀತು ಅಂತ ಬರೆದಿಟ್ಟಿದ್ದಾರೆ. ಬರೆದವರು ಯಾರೂ ತಿರುಗಿ ನೋಡಿಲ್ಲ, ನಾನು ನೋಡಿದೆ. ನೀವಿಲ್ಲದ ಮೂರು ವಾರ ಹರಿದಿದ್ದು ಎರಡರಷ್ಟು. ನೀವು ಬಂದ ಮಾರನೇ ದಿನಕ್ಕೆ ಮತ್ತೆ ಇಳಿದುಹೋಗಿದೆ. ಹಿಟ್ಟು ಅದೇ, ಉಗಿ ಅದೇ, ಹಂಡೆ ಅದೇ. ಇಲ್ಲದೆ ಇದ್ದಿದ್ದು ನೀವೊಬ್ಬರು. ಈ ಗಿರಣಿ ನಿಮ್ಮ ಮೇಲೆ ನಿಂತಿದೆ ಶಂಕ್ರೆಪ್ಪನವರೇ. ಇದು ಯಾರಿಗಾದರೂ ಗೊತ್ತಾ?”

ಯಾರಿಗೂ ಗೊತ್ತಿರಲಿಲ್ಲ. ಶಂಕ್ರೆಪ್ಪನಿಗೆ ಗೊತ್ತಿತ್ತು. ಆದರೆ ತನಗೊಬ್ಬನಿಗೇ ಗೊತ್ತಿರುವುದು ನಿಜವೋ ಭ್ರಮೆಯೋ ಎಂದು ಎಷ್ಟೋ ಸಲ ಅವನಿಗೇ ಅನುಮಾನ ಬಂದದ್ದುಂಟು. ಈಗ ಓದಿದ ಮನುಷ್ಯನೊಬ್ಬ ಪುಸ್ತಕ ಬಿಚ್ಚಿ ತೋರಿಸುತ್ತಿದ್ದಾನೆ. ಕಣ್ಣು ತುಂಬಿ ಬಂತು. ಉಗಿಯ ನೆಪ ಮಾಡಿ ಪಂಜೆಯ ತುದಿಯಲ್ಲಿ ಒರೆಸಿಕೊಂಡ. ಇಪ್ಪತ್ತೆರಡು ವರ್ಷಕ್ಕೆ ಒಂದು ಒಳ್ಳೆಯ ಮಾತು ಬಿದ್ದರೆ ಮನುಷ್ಯ ಕರಗದೆ ಇರುತ್ತಾನೆಯೇ?

ಅಲ್ಲಿಂದ ಆರು ವಾರ ಸತ್ಯಮೂರ್ತಿ ಗಂಜಿ ಖಾತೆಯಲ್ಲೇ ಬೀಡುಬಿಟ್ಟ. ಸ್ಟೂಲು ಹಾಕಿಕೊಂಡು ಕೂರುವುದು, ಕೈಯಲ್ಲಿ ನೋಟುಬುಕ್ಕು, ಗಡಿಯಾರ, ಉದ್ದನೆಯ ಥರ್ಮಾಮೀಟರು. ಕೇಳಿದ್ದನ್ನೇ ಕೇಳುವುದು. ಶಂಕ್ರೆಪ್ಪನಿಗೆ ಬೇಸರವೇ ಇಲ್ಲ. ಗುಳ್ಳೆ ಮೊದಲು ಹೆಸರುಕಾಳಿನಷ್ಟು ಏಳುತ್ತದೆ, ಆಮೇಲೆ ಕಡಲೆಯಷ್ಟು, ಕಡಲೆಯಷ್ಟಾದಾಗ ಉಗಿ ಅರ್ಧ ತಿರುವಬೇಕು. ಕುದಿಯುವ ಸಪ್ಪಳ ಬುಳುಬುಳು ಹೋಗಿ ಗುದುಗುದು ಆಗುತ್ತದೆ, ಆಗ ಹುಣಸೆಬೀಜದ ಪುಡಿ. ಮೋಡ ಮುಚ್ಚಿದ ದಿನ ನೀರು ಅರ್ಧ ಬಕೀಟು ಕಡಿಮೆ. ಒಂದೊಂದನ್ನೂ ಸತ್ಯಮೂರ್ತಿ ಅಳೆದ, ಸಾಹೇಬರಿಗೆ ಕೊಡುವ ವರದಿಗೆಂದು ಬರೆದುಕೊಂಡ. ನೀವು ಮೇಷ್ಟರಾಗಬೇಕಿತ್ತು ರೀ ಎಂದ. ಶಂಕ್ರೆಪ್ಪ ಆ ದಿನ ಟ್ರಾಮು ಹತ್ತದೆ ನಡೆದೇ ಮನೆಗೆ ಹೋದ, ಅಷ್ಟು ಖುಷಿ.

ಸತ್ಯಮೂರ್ತಿ ಮಾಟುಂಗಾದ ರೂಮಿನಲ್ಲಿ ಒಬ್ಬನೇ ಇದ್ದು ಹೋಟೆಲ್ಲಿನಲ್ಲಿ ಉಣ್ಣುವ ಹುಡುಗ. ಗಂಡನ ಬಾಯಲ್ಲಿ ಇದನ್ನು ಕೇಳಿದ ಮೇಲೆ ರಾಚವ್ವ ಊಟಕ್ಕೆ ಕರೆಯದೆ ಬಿಟ್ಟಾಳೆಯೇ? ಭಾನುವಾರ ಬಂದೇ ಬಂದ. ಬಿಸಿ ರೊಟ್ಟಿ, ಜುಣಕ, ಶೇಂಗಾ ಚಟ್ನಿ. ಮೈಸೂರಿನ ಬ್ರಾಹ್ಮಣರ ಹುಡುಗ ತಮ್ಮ ಖೋಲಿಯಲ್ಲಿ ಕೂತು ಮೂರು ರೊಟ್ಟಿ ಉಂಡನೆಂದು ರಾಚವ್ವನಿಗೆ ಹಿಗ್ಗೋ ಹಿಗ್ಗು.

“ಇನ್ನೊಂದು ಹಾಕ್ಕೋ ತಮ್ಮಾ. ನಿಮ್ಮ ಮೈಸೂರಾಗ ಬರೇ ಅನ್ನಾ ಉಂಡು ಹೆಂಗ ಬದುಕ್ತೀರಿ?”

“ಸಾಕು ಅಕ್ಕಾ, ಹೊಟ್ಟೆ ಒಡೆದುಹೋಗುತ್ತೆ. ಅನ್ನ ತಿನ್ನೋರನ್ನ ಅಷ್ಟು ಕಡೆಗಣಿಸಬೇಡಿ.”

ನಾಲ್ಕು ಭಾನುವಾರ ಹೀಗೆ ನಡೆಯಿತು. ಒಡಹುಟ್ಟಿದವರಿಲ್ಲದ ರಾಚವ್ವ ಅವನನ್ನು ತಮ್ಮನೆಂದೇ ತಿಳಿದಳು. ಅವನ ಶರ್ಟಿನ ಗುಂಡಿ ಹೋದರೆ ಹೊಲಿದುಕೊಟ್ಟಳು.

ಆದರೆ ಸತ್ಯಮೂರ್ತಿಯ ನೋಟುಬುಕ್ಕಿನಲ್ಲಿ ಒಂದು ಲೆಕ್ಕ ಕೂಡಿಬರುತ್ತಿರಲಿಲ್ಲ. ಬಿಸಿ ಸರಿ, ಹೊತ್ತು ಸರಿ, ಗುಳ್ಳೆ ಸರಿ, ಸಪ್ಪಳ ಸರಿ. ಆದರೂ ಒಂದೊಂದು ದಿನ ಶಂಕ್ರೆಪ್ಪ ‘ಇನ್ನೂ ಆಗಿಲ್ರಿ’ ಎಂದು ಗಂಜಿ ಬಿಡುತ್ತಿರಲಿಲ್ಲ. ಹೇಗೆ ಗೊತ್ತಾಯಿತೆಂದರೆ ‘ಅಂದಾಜ್ರಿ’ ಎನ್ನುತ್ತಿದ್ದ. ಬುದ್ಧಿವಂತ ಹುಡುಗ, ಅಂದಾಜು ಎಂಬ ಮಾತನ್ನು ಅವನು ನಂಬಲಿಲ್ಲ. ಗಂಜಿ ನೋಡುವುದನ್ನು ಬಿಟ್ಟು ಶಂಕ್ರೆಪ್ಪನನ್ನೇ ನೋಡತೊಡಗಿದ. ಯುಗಾದಿಯ ಮಾರನೇ ದಿನ ಮಧ್ಯಾಹ್ನ, ಖಾತೆಯ ಬೇರೆ ಆಳುಗಳು ಊಟಕ್ಕೆ ಹೋಗಿದ್ದಾಗ, ಮೆಲ್ಲಗೆ ಕೇಳಿದ.

“ಶಂಕ್ರೆಪ್ಪನವರೇ, ತಪ್ಪು ತಿಳೀಬೇಡಿ. ಆಯ್ತು ಅಥವಾ ಆಗಿಲ್ಲ ಅಂತ ಹೇಳೋಕ್ಕೆ ಮುಂಚೆ ಗೋಡೆ ಕಡೆ ತಿರುಗ್ತೀರಿ. ಕೊರಳಿನ ಕರಡಿಗೇನ ಬೆನ್ನಿಗೆ ಹಾಕ್ಕೊಳ್ತೀರಿ. ಯಾಕೆ?”

ಶಂಕ್ರೆಪ್ಪ ತಿರುವುತ್ತಿದ್ದ ಕೋಲನ್ನು ಬಿಟ್ಟ. ಹದಿನಾಲ್ಕು ವರ್ಷದಲ್ಲಿ ಈ ಪ್ರಶ್ನೆ ಕೇಳಿದವನು ಇವನೊಬ್ಬ. ಸುಮ್ಮನಿದ್ದರೆ ಆಗುತ್ತಿತ್ತು. ಬೆವರು ಒರೆಸಿಕೊಳ್ಳುತ್ತೀನಿ ಎಂದರೂ ನಡೆಯುತ್ತಿತ್ತು. ಆದರೆ ಎಷ್ಟು ದಿನ ಒಬ್ಬನೇ ಹೊರುವುದು? ಅದೂ ಮನೆಗೆ ಬಂದು ಉಣ್ಣುವ ಹುಡುಗ, ತನ್ನ ಬೆಲೆ ಕಂಡುಹಿಡಿದ ಹುಡುಗ.

“ಹೇಳ್ತೀನ್ರಿ. ಖರೆ, ಬರಕೊಳ್ಳಬ್ಯಾಡ್ರಿ.”

ಸತ್ಯಮೂರ್ತಿ ನೋಟುಬುಕ್ಕು ಮುಚ್ಚಿದ, ಪೆನ್ನನ್ನು ಜೇಬಿಗೆ ಸಿಕ್ಕಿಸಿದ. “ಬರೆಯಲ್ಲ. ಹೇಳಿ.”

ಶಂಕ್ರೆಪ್ಪ ಎಲ್ಲ ಹೇಳಿದ. ಸತ್ತ ಬೆರಳು ತೋರಿಸಿದ. ನಾಲಿಗೆಯ ಸಂಗತಿ ಹೇಳಿದ, ಅಂಗುಳಕ್ಕೆ ಮೇಣದ ಹಾಗೆ ಹತ್ತುವುದು ಹೇಳಿದ, ದೇವರಿಗೆ ಏನು ಹೇಳಿಕೊಳ್ಳುತ್ತೇನೆಂಬುದನ್ನೂ ಹೇಳಿದ.

“ನಮ್ಮಾಕಿಗೆ ಗೊತ್ತಿಲ್ರಿ. ಗೊತ್ತಾದ್ರ ಅಕಿ ಜೀವಾ ಇಟ್ಟುಕೊಳ್ಳಾಂಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನ್ರಿ, ಈ ಮಾತು ಈ ಗ್ವಾಡಿ ದಾಟಬಾರದು.”

“ಛೆ ಛೆ, ಏನಿದು, ಏಳಿ. ನನ್ನನ್ನ ಅಷ್ಟೂ ನಂಬಲ್ವಾ?”

ನಂಬಿದ. ಅಂದು ಮೈಯೆಲ್ಲ ಹಗುರಾಗಿ ಮನೆಗೆ ಹೋದ. ಮುಂದಿನ ಭಾನುವಾರ ಸತ್ಯಮೂರ್ತಿ ಬಂದ, ಆದರೆ ಇವತ್ತು ಉಪವಾಸ ಎಂದ, ಏನೂ ಮುಟ್ಟಲಿಲ್ಲ. ಆಮೇಲಿನ ಭಾನುವಾರ ಹೊಟ್ಟೆ ಸರಿಯಿಲ್ಲ ಎಂದ. ರಾಚವ್ವ ಮಜ್ಜಿಗೆ ಕೊಟ್ಟರೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತು, ಹೊರಡುವಾಗ ಕಿಟಕಿಯಲ್ಲಿಟ್ಟು ಹೋದ. ಆಮೇಲೆ ಬರುವುದನ್ನೇ ನಿಲ್ಲಿಸಿದ. ರಾಚವ್ವ ತನ್ನ ಅಡಿಗೆಯಲ್ಲೇ ಏನೋ ಕೆಟ್ಟಿರಬೇಕೆಂದು ಹಲುಬಿದಳು. ಶಂಕ್ರೆಪ್ಪ ವರದಿಯ ಕೆಲಸ ಜಾಸ್ತಿ ಇರಬೇಕು ಎಂದ. ಹಾಗೆಂದು ನಂಬಿಯೂ ಬಿಟ್ಟ, ಪುಣ್ಯಾತ್ಮ.

ಜೂನಿನಲ್ಲಿ ಫೋಟೋ ತೆಗೆಯುವವನು ಗಿರಣಿಗೆ ಬಂದ. ಹಂಡೆಯ ಪಕ್ಕ ಶಂಕ್ರೆಪ್ಪನನ್ನು ನಿಲ್ಲಿಸಿದರು. ರಾಚವ್ವ ರುಮಾಲು ಇಸ್ತ್ರಿ ಮಾಡಿಕೊಟ್ಟಿದ್ದಳು. ಜುಲೈಯಲ್ಲಿ ಹೊಸ ಹಂಡೆ ಬಂತು, ಅದರ ಮೈಯಲ್ಲೇ ಥರ್ಮಾಮೀಟರು, ತಾನೇ ತಿರುಗುವ ಕೋಲು, ಗಂಜಿಯ ಜಿಡ್ಡು ಅಳೆಯುವ ಗಾಜಿನ ನಳಿಗೆ. ಗೋಡೆಗೆ ಒಂದು ತಖ್ತೆ ತೂಗುಹಾಕಿದರು, ಯಾವ ಹೊತ್ತಿಗೆ ಏನು ಹಾಕಬೇಕೆಂದು ಅದರಲ್ಲಿ ಬರೆದಿತ್ತು. ಓದಬಲ್ಲ ಯಾರು ಬೇಕಾದರೂ ಗಂಜಿ ಕಾಯಿಸಬಹುದಾಗಿತ್ತು. ಶಂಕ್ರೆಪ್ಪನನ್ನು ಹಿಟ್ಟಿನ ಚೀಲ ಹೊರುವುದಕ್ಕೆ ಹಾಕಿದರು. ಕೆಲಸದಿಂದ ತೆಗೆಯಲಿಲ್ಲವಲ್ಲ ಎಂದು ಮುಕಾದಮ ಸಮಾಧಾನ ಹೇಳಿದ. ಅವಮಾನವನ್ನು ಶಂಕ್ರೆಪ್ಪ ಹೊಟ್ಟೆಗೆ ಹಾಕಿಕೊಂಡ. ನಾಲಿಗೆಗೆ ಹಚ್ಚಿಕೊಳ್ಳುವ ಕರ್ಮವಾದರೂ ತಪ್ಪಿತು ಎಂದುಕೊಂಡ. ನಿಜ ಹೇಳಬೇಕೆಂದರೆ, ಹೊಟ್ಟೆ ಉರಿಯಿತು.

ಶ್ರಾವಣದ ಎರಡನೇ ಶನಿವಾರ ಪಗಾರದ ಜೊತೆ ಎಲ್ಲರಿಗೂ ಒಂದೊಂದು ಪುಸ್ತಿಕೆ ಹಂಚಿದರು. ಒಂದು ಮಗ್ಗುಲು ಇಂಗ್ಲಿಷು, ಒಂದು ಮಗ್ಗುಲು ಮರಾಠಿ. ‘ನಮ್ಮ ಗಿರಣಿಯ ಗುಪ್ತಧನ’ ಎಂದು ಹೆಸರು. ಮೊದಲನೇ ಪುಟದಲ್ಲೇ ರುಮಾಲಿನ ಶಂಕ್ರೆಪ್ಪ. ಅವನು ಗೇಟಿನ ಬಳಿ ನಿಂತು ಮರಾಠಿಯನ್ನು ಅಕ್ಷರ ಕೂಡಿಸಿ ಓದಿದ. ಗಿರಣಿಗಳ ನಿಜವಾದ ಸಂಪತ್ತು ತಿಜೋರಿಯಲ್ಲಿಲ್ಲ, ಹಳೆಯ ಕೆಲಸಗಾರರ ಮೈಯಲ್ಲಿದೆ, ಅದನ್ನು ಹುಡುಕಿ ತೆಗೆಯಬೇಕು ಎಂದಿತ್ತು. ಆಮೇಲೆ ಹೀಗಿತ್ತು: ‘ಈ ಕೆಲಸಗಾರರು ಚರ್ಬಿ ಬೆರೆಸಿದ ಗಂಜಿಯನ್ನು ನಾಲಿಗೆಯಿಂದ ನೆಕ್ಕಿ ಹದ ಹೇಳುತ್ತಿದ್ದರು. ಮಾಂಸ ಮುಟ್ಟದ ಜಾತಿಯವರಾದ್ದರಿಂದ, ನೆಕ್ಕುವ ಮುನ್ನ ಕೊರಳಿನ ದೇವರನ್ನು ಬೆನ್ನಿಗೆ ತಿರುಗಿಸಿಕೊಳ್ಳುತ್ತಿದ್ದರು. ಈಗ ಆ ಕೆಲಸವನ್ನು ಗಾಜಿನ ನಳಿಗೆ ಮಾಡುತ್ತದೆ.’

ಪುಸ್ತಿಕೆಯನ್ನು ಮಡಚಿ ಬಗಲಲ್ಲಿಟ್ಟುಕೊಂಡ. ಅವನು ಮನೆಗೆ ಹೋಗಲಿಲ್ಲ, ಹಿಂದಕ್ಕೆ ತಿರುಗಿ ಆಫೀಸಿನ ಮೆಟ್ಟಿಲು ಹತ್ತಿದ. ಸತ್ಯಮೂರ್ತಿ ಎದ್ದು ನಿಂತು ಕೈ ಚಾಚಿದ.

“ಬನ್ನಿ ಶಂಕ್ರೆಪ್ಪನವರೇ, ಬನ್ನಿ! ನೋಡಿದಿರಾ ಪುಸ್ತಕ? ದೊಡ್ಡ ಸಾಹೇಬರು ಡೈರೆಕ್ಟರುಗಳಿಗೆಲ್ಲ ಕಳಿಸಿದ್ದಾರೆ.”

“ಬರಿಯಾಂಗಿಲ್ಲ ಅಂದಿದ್ರಿ.”

“ನಿಮ್ಮೆದುರಿಗೆ ಬರೀಲಿಲ್ಲವಲ್ಲ... ರೂಮಿಗೆ ಹೋದ್ಮೇಲೆ ಮರೆತುಹೋಗಬಾರದು ಅಂತ ಗುರುತು ಹಾಕ್ಕೊಂಡೆ, ಅಷ್ಟೆ. ಅದನ್ನ ಬಿಟ್ಟರೆ ಇಡೀ ವರದಿಯಲ್ಲಿ ಇರೋದೇನು ಹೇಳಿ? ಮಿಕ್ಕಿದ್ದೆಲ್ಲ ಯಾರಾದರೂ ಹೇಳ್ತಾರೆ. ನಾಲಿಗೆ ವಿಷಯವೇ ಮುಖ್ಯ. ಹೆಸರು ಕೂಡ ಹಾಕಿಲ್ಲ ನೋಡಿ.”

“ಮಾರಿ ಹಾಕೀರಲ್ರಿ.”

“ಅದು ನಿಮಗೆ ಗೌರವ ಅಂತ ಹಾಕಿದ್ದು. ನಿಮ್ಮನ್ನ ಹೊಗಳಿ ಬರೆದಿದ್ದು ಶಂಕ್ರೆಪ್ಪನವರೇ, ದೇವರಾಣೆಗೂ. ಇದರಲ್ಲಿ ನಾಚಿಕೆಪಡೋ ಅಂಥದ್ದು ನನಗೇನೂ ಕಾಣಿಸಲಿಲ್ಲ.”

ಶಂಕ್ರೆಪ್ಪ ಅವನ ಮುಖವನ್ನೇ ನೋಡಿದ. ಹೊಡೆಯಬೇಕೆನಿಸಿತು, ಕೈ ಏಳಲಿಲ್ಲ.

“ಕಾಣಿಸಲಿಲ್ಲಂದ್ರ, ಅವತ್ತಿಂದ ನಮ್ಮನ್ಯಾಗ ಮಜ್ಜಿಗಿ ಸೈತ ಯಾಕ ಕುಡೀಲಿಲ್ರೀ?”

ಸತ್ಯಮೂರ್ತಿ ಕುರ್ಚಿಗೆ ಕೂತ. ಮೇಜಿನ ಮೇಲಿನ ಕಾಗದ ಸರಿಸಿದ. ಮುಖವೆಲ್ಲ ಕೆಂಪಾಯಿತು. ಅವನಿಗೆ ಎಲ್ಲ ಗೊತ್ತಿತ್ತು. ಆ ಮಾತಿನ ಭಾರ ಎಷ್ಟೆಂದು ಮುಂಬಯಿಯ ಯಾವ ಇಂಗ್ಲಿಷ್ ಓದಿದವನಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದ. ಶಂಕ್ರೆಪ್ಪ ಮೆಟ್ಟಿಲು ಇಳಿದು ಬಂದ.

ದಾರಿಯುದ್ದಕ್ಕೂ ಒಂದೇ ಯೋಚನೆ. ಬೇರೆಯವರ ಬಾಯಿಂದ ಕೇಳುವ ಮೊದಲು ತಾನೇ ಹೇಳಿಬಿಡಬೇಕು. ಇವತ್ತೇ, ಹೋದ ಕೂಡಲೇ. ಮೆಟ್ಟಿಲು ಹತ್ತುವಾಗ ಮಾತು ಜೋಡಿಸಿಕೊಂಡ, ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮತ್ತೆ ಜೋಡಿಸಿಕೊಂಡ. ಒಳಗೆ ನೋಡಿದರೆ ರಾಚವ್ವನ ಮುಖ ಅರಳಿತ್ತು. ಕೆಳಗಿನ ಮಾಳಿಗೆಯ ಕಾಶಪ್ಪ ಅದೇ ಗಿರಣಿಯ ನೇಕಾರ, ಓದಲು ಬಾರದವನು. ಪುಸ್ತಿಕೆಯಲ್ಲಿ ಶಂಕ್ರೆಪ್ಪನ ಪಟ ಕಂಡು ಅವನಿಗಿಂತ ಮುಂಚೆ ಓಡಿಬಂದು ರಾಚವ್ವನ ಕೈಗೆ ಕೊಟ್ಟುಹೋಗಿದ್ದ. ಅವಳು ಅದನ್ನು ದೇವರ ಜಗಲಿಯ ಮೇಲೆ ನಿಲ್ಲಿಸಿ, ಪಟಕ್ಕೆ ವಿಭೂತಿ ಹಚ್ಚಿದ್ದಳು.

“ನೋಡ್ರಿ, ಇಪ್ಪತ್ತೆರಡು ವರ್ಷಕ್ಕ ನಿಮ್ಮ ಬೆಲಿ ತಿಳೀತು ಅವರಿಗೆ! ಆ ತಮ್ಮನ ಕೆಲಸಾನ ಇದು. ಅಂವನ್ನ ಒಂದು ಸರ್ತಿ ಕರಕೊಂಡ ಬರ್ರಿ, ಹೋಳಗಿ ಮಾಡ್ತೀನಿ.”

ಶಂಕ್ರೆಪ್ಪ ಕೈಕಾಲು ತೊಳೆದು ಬಂದು ಕೂತ. ಊಟ ಮಾಡಿದ, ಮಲಗಿದ. ಭಾನುವಾರ ಇಡೀ ದಿನ ಬಾಯಿ ತೆರೆಯುವುದು, ಮುಚ್ಚುವುದು. ಜಗಲಿಯ ಮೇಲೆ ಅವನದೇ ಮುಖ ಅವನನ್ನು ನೋಡುತ್ತಿತ್ತು. ಸೋಮವಾರ ಬಂತು, ಶ್ರಾವಣ ಸೋಮವಾರ. ಸಂಜೆ ಪ್ರಸಾದಕ್ಕೆ ನೀಲಕಂಠಪ್ಪ ಬಂದರು. ದಾದರದಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಹಿರಿಯರು, ಆ ಭಾಗದ ಲಿಂಗವಂತರಿಗೆಲ್ಲ ಬೇಕಾದವರು.

“ಅಣ್ಣಾರ, ನಿಮಗ ಮರಾಠಿ ಬರತೈತಿ. ಇವರ ಬಗ್ಗೆ ಏನ್ ಬರದಾರ, ಒಂದೀಟು ಓದಿ ಹೇಳ್ರಿ. ಇವರನ್ನ ಕೇಳಿದ್ರ ನಾಚಕೋತಾರ,” ಎಂದು ರಾಚವ್ವ ಪುಸ್ತಿಕೆ ಕೊಟ್ಟಳು.

ನೀಲಕಂಠಪ್ಪ ಕನ್ನಡಕ ಏರಿಸಿ ಓದಿದರು. ಎರಡು ಸಾಲು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿ, ಮೂರನೆಯದಕ್ಕೆ ನಿಂತರು. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡು ಶಂಕ್ರೆಪ್ಪನ ಕಡೆ ನೋಡಿದರು.

“ಏನೋ... ಮಷೀನಿನ ಸುದ್ದಿ ಐತವ್ವಾ. ನಮಗ ತಿಳಿಯಾಂಗಿಲ್ಲ ಅದು,” ಎಂದು ಪುಸ್ತಿಕೆ ಮುಚ್ಚಿ ಎದ್ದರು. ಪ್ರಸಾದ ತೆಗೆದುಕೊಳ್ಳಲಿಲ್ಲ. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆ ಎಂದರು.

ಅವರ ಹೆಜ್ಜೆಯ ಸಪ್ಪಳ ಮೆಟ್ಟಿಲಿಳಿದ ಕೂಡಲೇ ರಾಚವ್ವ ಬಾಗಿಲು ಮುಂದೆ ಮಾಡಿದಳು. ಆಮೇಲೆ ಗಂಡನ ಎದುರಿಗೆ ಬಂದು ಕೂತಳು.

“ಏನ್ ಬರದಾರ?”

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಶಂಕ್ರೆಪ್ಪ ನೆಲ ನೋಡುತ್ತ ಹೇಳಿದ. ಎಣ್ಣೆಯಲ್ಲ ಚರ್ಬಿ ಎಂದ, ಬೆರಳು ಎಂದ, ನಾಲಿಗೆ ಎಂದ, ಕರಡಿಗೆ ಎಂದ, ಹದಿನಾಲ್ಕು ವರ್ಷ ಎಂದ. ಅವಳು ಕಿರುಚುತ್ತಾಳೆ, ತಲೆ ಚಚ್ಚಿಕೊಳ್ಳುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಕಾದ. ಅವಳು ಹಾಗೇನೂ ಮಾಡಲಿಲ್ಲ. ಪುಸ್ತಿಕೆಯನ್ನು ಕೈಗೆತ್ತಿಕೊಂಡು ಕೇಳಿದಳು.

“ಇದನ್ನ ಬರದಾಂವ ಆ ತಮ್ಮನ ಏನು?”

“ಹೂಂ.”

“ಅಂವಗ ಹೆಂಗ ಗೊತ್ತಾತು?”

“ನಾನ ಹೇಳಿದೆ.”

“ಯಾವಾಗ?”

“ಯುಗಾದಿ ಮರುದಿನ.”

ಅವಳು ಬೆರಳಲ್ಲಿ ಲೆಕ್ಕ ಹಾಕಿದಳು. “ಅಂವಾ ಬಂದು ಒಂದೂವರಿ ತಿಂಗಳಾಗಿತ್ತು.”

“ಹೂಂ.”

“ಇಪ್ಪತ್ತು ವರ್ಷ ನಿಮ್ಮ ಮಗ್ಗಲದಾಗ ಮಲಗೀನಿ. ನಿಮ್ಮ ಬೆರಳು ಸತ್ತದ್ದು ಸೈತ ನನಗ ಗೊತ್ತಿಲ್ಲ. ಒಂದೂವರಿ ತಿಂಗಳ ರೊಟ್ಟಿ ತಿಂದು ಹೋದಾಂವಗ ಎಲ್ಲಾ ಗೊತ್ತು.”

“ನೀ ತಡಕೊಳ್ಳಾಂಗಿಲ್ಲಂತ ಅಂಜಿಕಿ ಆತು, ರಾಚೀ. ಜೀವಾ ಕಳಕೋತಿದ್ದಿ.”

“ಬೈತಿದ್ದೆ,” ಎಂದಳು ರಾಚವ್ವ. ದನಿ ಆಗ ಒಡೆಯಿತು. “ಅಳತಿದ್ದೆ. ಎರಡು ದಿನಾ ಉಪಾಸ ಬೀಳತಿದ್ದೆ. ಆಮ್ಯಾಲ ಮುಂಜಾನಿ ಎದ್ದು ನಿಮ್ಮ ಬುತ್ತಿ ಕಟ್ಟತಿದ್ದೆ. ಹೊಟ್ಟೀ ಸಲವಾಗಿ ಮಾಡಿದ್ದು ನನಗ ತಿಳೀತಿದ್ದಿಲ್ಲೇನು? ನನ್ನ ಏನಂತ ತಿಳದೀರಿ ನೀವು?”

“ಅಂವಾ ಕೇಳಿದ, ಹೇಳಿದೆ,” ಎಂದ ಶಂಕ್ರೆಪ್ಪ. ಹೇಳಿದ ಕೂಡಲೇ ಹೇಳಬಾರದಿತ್ತು ಎನಿಸಿತು.

“ಹೌದು. ಅಂವಾ ಕೇಳಿದ,” ಎಂದು ಅವಳು ಎದ್ದಳು.

ಮುಂದಿನ ಸೋಮವಾರ ನೀಲಕಂಠಪ್ಪನವರೇ ಮುಂದೆ ನಿಂತು ಊರ ಕಡೆಯಿಂದ ಬಂದಿದ್ದ ಲಿಂಗವಂತರ ಗುರು ಅಯ್ಯನವರ ಬಳಿ ಶಂಕ್ರೆಪ್ಪನನ್ನು ಕರೆದೊಯ್ದರು. ಅಯ್ಯನವರು ಎಲ್ಲ ಕೇಳಿದರು. ದುಡಿಯುವ ಮನುಷ್ಯ, ಬೇಕೆಂದು ತಿಂದವನಲ್ಲ ಎಂದರು. ಪಾದೋದಕ ಕೊಟ್ಟರು, ಹಣೆಗೆ ವಿಭೂತಿ ಹಚ್ಚಿದರು, ಕರಡಿಗೆಯನ್ನು ತಾವೇ ಎದೆಯ ಮೇಲೆ ಸರಿಮಾಡಿ ಹೋಗಿ ಬಾ ಎಂದರು. ಕಾಲು ಗಂಟೆಯಲ್ಲಿ ಮುಗಿಯಿತು. ಹದಿನಾಲ್ಕು ವರ್ಷ ಅವನು ಹೆದರಿದ್ದು ಇಷ್ಟಕ್ಕೆ. ಚಾಳಿನವರು ನಾಲ್ಕು ದಿನ ಗುಸುಗುಸು ಮಾಡಿ, ಗಣಪತಿ ಹಬ್ಬ ಬಂದಾಗ ಮರೆತುಬಿಟ್ಟರು.

ರಾಚವ್ವ ಅವನನ್ನು ಬಿಟ್ಟು ಹೋಗಲಿಲ್ಲ. ರೊಟ್ಟಿ ಬಡಿದಳು, ಬುತ್ತಿ ಕಟ್ಟಿದಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಶಂಕ್ರೆಪ್ಪ ಬದಲಾದ. ಗಿರಣಿಯಲ್ಲಿ ಸಣ್ಣದೇನು ನಡೆದರೂ ಮನೆಗೆ ಬಂದು ಅವಳಿಗೆ ಹೇಳುವುದನ್ನು ರೂಢಿ ಮಾಡಿಕೊಂಡ. ಹೊಸ ಹಂಡೆಯ ನಳಿಗೆ ಒಡೆದದ್ದು ಹೇಳಿದ, ಸತ್ಯಮೂರ್ತಿ ಬೇರೆ ಗಿರಣಿಗೆ ದೊಡ್ಡ ಹುದ್ದೆಯ ಮೇಲೆ ಹೋದದ್ದು ಹೇಳಿದ, ತನ್ನ ಬೆನ್ನು ನೋಯುವುದು ಹೇಳಿದ. ವರ್ಷದ ಮೇಲೆ ಒಂದು ಸಂಜೆ ಮಗಳು ಬಸುರಿಯೆಂದು ಸೊಲ್ಲಾಪುರದಿಂದ ಗಿರಣಿಯ ವಿಳಾಸಕ್ಕೆ ಕಾಗದ ಬಂತು. ಅವನು ಏದುಸಿರು ಬಿಡುತ್ತ ಎರಡು ಮಾಳಿಗೆ ಓಡಿ ಹತ್ತಿ, ಬಾಗಿಲಲ್ಲೇ ನಿಂತು ಸುದ್ದಿ ಹೇಳಿದ.

ರಾಚವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಕಣ್ಣೊರೆಸಿಕೊಂಡಳು. ದೇವರಿಗೆ ಕೈ ಮುಗಿದಳು. ಆಮೇಲೆ, ಸಿಟ್ಟಿಲ್ಲದೆ, ಹೊರಗೆ ಮಳೆ ಬರುತ್ತಿದೆಯೇ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಳು.

“ಇದನ್ನ ಮೊದಲ ಯಾರಿಗೆ ಹೇಳಿ ಬಂದ್ರಿ?”